ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಯೋಗಾಲಯಗಳು

ಬೆಂಗಳೂರಿನ ಹಳಬರು ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆ ಸ್ಥಾಪನೆಯಾದದ್ದು 1909ರಲ್ಲಿ. ಇದನ್ನು ಕನಸಿದ ಜಮ್‌ಸೇಟ್‌ಜಿ ಟಾಟಾ 1904ರಲ್ಲೇ ತೀರಿಕೊಂಡಿದ್ದರು. ಮೈಸೂರು ಸಂಸ್ಥಾನ 371 ಎಕರೆ ನೆಲ ಕೊಟ್ಟಿತು. 1911ರಲ್ಲಿ ಮೊದಲ ವಿದ್ಯಾರ್ಥಿಗಳು ಬಂದಾಗ ಇದ್ದದ್ದು ರಸಾಯನಶಾಸ್ತ್ರ ಮತ್ತು ವಿದ್ಯುತ್ ತಂತ್ರಜ್ಞಾನದ ಪ್ರಯೋಗಾಲಯಗಳು.

ಇಲ್ಲಿನ ಹೊಸ ಪ್ರಯೋಗಗಳಿಗೆ ಹಲವು ಸಲ ದಾರಿ ತೆರೆದದ್ದು ಹೊರಗಿನ ಯುದ್ಧ. ಮೈಸೂರಿನ ಶ್ರೀಗಂಧದ ಕೊರಡು ಹಿಂದೆ ಜರ್ಮನಿಗೆ ಹೋಗಿ ಎಣ್ಣೆಯಾಗುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಆ ವ್ಯಾಪಾರ ನಿಂತುಹೋಯಿತು. ಆಗ ಸಂಸ್ಥೆಯ ರಸಾಯನ ವಿಜ್ಞಾನಿಗಳಾದ ಸಡ್‌ಬರೋ ಮತ್ತು ವಾಟ್ಸನ್, ಗಂಧದ ಪುಡಿಗೆ ಹಬೆ ಹಾಯಿಸಿ ಎಣ್ಣೆಯನ್ನು ಇಲ್ಲೇ ಬಟ್ಟಿಯಿಳಿಸುವ ಕ್ರಮವನ್ನು ಹದಕ್ಕೆ ತಂದರು. ಇದರ ಬೆನ್ನಿಗೇ ಗಂಧದೆಣ್ಣೆ ಕಾರ್ಖಾನೆ ಬಂತು, ಆಮೇಲೆ ಮೈಸೂರು ಸ್ಯಾಂಡಲ್ ಸೋಪು. ಪ್ರಯೋಗಾಲಯದ ಫಲ ಕನ್ನಡಿಗರ ಬಚ್ಚಲುಮನೆಯವರೆಗೆ ಬಂದದ್ದು ಹೀಗೆ.

1933ರಲ್ಲಿ ಮೊದಲ ಭಾರತೀಯ ನಿರ್ದೇಶಕರಾಗಿ ಬಂದ ಸಿ.ವಿ. ರಾಮನ್ ಭೌತಶಾಸ್ತ್ರ ವಿಭಾಗ ತೆರೆದರು. ಕೇಂಬ್ರಿಜ್‌ನಿಂದ ರಜೆಗೆ ಬಂದಿದ್ದ ಹೋಮಿ ಭಾಭಾ, ಎರಡನೇ ಮಹಾಯುದ್ಧದಿಂದಾಗಿ ಮರಳಲಾಗದೆ ಇಲ್ಲಿಯೇ ವಿಶ್ವಕಿರಣಗಳ ಸಂಶೋಧನಾ ಘಟಕ ಕಟ್ಟಿದರು. ಅದೇ ಯುದ್ಧದ ನಡುವೆ, 1942ರಲ್ಲಿ, ವಿಮಾನ ಎಂಜಿನಿಯರಿಂಗ್ ವಿಭಾಗ ಆರಂಭವಾಯಿತು. 1951ರಲ್ಲಿ ಸೇರಿದ ಸತೀಶ್ ಧವನ್ ಅಲ್ಲಿ ದೇಶದ ಮೊದಲ ಶಬ್ದಾತೀತ ವೇಗದ ಗಾಳಿಸುರಂಗವನ್ನು ನಿರ್ಮಿಸಿದರು. ಅದು ತೀರಾ ಚಿಕ್ಕದು. ಆದರೂ ವಿಮಾನ, ರಾಕೆಟ್‌ಗಳ ವಿದ್ಯೆ ಈ ನೆಲದಲ್ಲಿ ಬೇರೂರಲು ಅದು ಮಾಡಿದ ಉಪಕಾರ ದೊಡ್ಡದು.

ಈಚಿನ ಸೌಲಭ್ಯಗಳ ಸ್ವರೂಪವೇ ಬೇರೆ. 2010ರಲ್ಲಿ ರೂಪುಗೊಂಡ ನ್ಯಾನೊ ವಿಜ್ಞಾನ ಕೇಂದ್ರದ ಕ್ಲೀನ್‌ರೂಂನಲ್ಲಿ ಗಾಳಿಯನ್ನು ಸದಾ ಸೋಸಲಾಗುತ್ತದೆ, ಏಕೆಂದರೆ ಒಂದು ಧೂಳಿನ ಕಣ ಬಿದ್ದರೂ ಚಿಪ್ ಕೆಡುತ್ತದೆ. 2022ರಲ್ಲಿ ಬಂದ ‘ಪರಮ್ ಪ್ರವೇಗ’ ಸೂಪರ್‌ಕಂಪ್ಯೂಟರಿನ ಸಾಮರ್ಥ್ಯ 3.3 ಪೆಟಾಫ್ಲಾಪ್, ಅಂದರೆ ಸೆಕೆಂಡಿಗೆ 33 ಕೋಟಿ ಕೋಟಿ ಲೆಕ್ಕ.

ನಗರದ ಆವರಣ ಸಾಲದೆ ಸಂಸ್ಥೆ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿ 1500 ಎಕರೆಯಲ್ಲಿ ಎರಡನೇ ಆವರಣ ಆರಂಭಿಸಿತು. ಅಲ್ಲೀಗ ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ. ಆ ನೆಲ ಅಮೃತಮಹಲ್ ಕಾವಲು, ಸುತ್ತಲಿನ ಹಳ್ಳಿಗಳ ಕುರಿ-ದನಗಳು ತಲೆಮಾರುಗಳಿಂದ ಮೇಯುತ್ತಿದ್ದ ಹುಲ್ಲುಗಾವಲು. ಅಲ್ಲಿ ಹಲವು ಸಂಸ್ಥೆಗಳಿಗೆ ಭೂಮಿ ಹಂಚಿದ್ದನ್ನು ಹಳ್ಳಿಗರು ವಿರೋಧಿಸಿದರು. ವ್ಯಾಜ್ಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು.