ಅಂಗಡಿ ಮುಂದೆ ಕಾರು ತಡೆಯುವ ಸಿಮೆಂಟ್ ಕಟ್ಟೆ: ನೀವೇ ಎರಕ ಹೊಯ್ಯುವುದು ಹೇಗೆ?

ಮೊಳಕಾಲ್ಮೂರು: ರಿವರ್ಸ್ ಬರುವ ಕಾರು ಒಂದಡಿ ಜಾಸ್ತಿ ಬಂದರೂ ಸಾಕು, ಅಂಗಡಿ ಶಟರ್ ಬಗ್ಗುತ್ತದೆ, ಗಾಜು ಒಡೆಯುತ್ತದೆ. ಚಕ್ರ ತಡೆಯುವ ಸಣ್ಣ ಕಟ್ಟೆ ಇದ್ದರೆ ಈ ತೊಂದರೆ ಇಲ್ಲ. ಒಂದು ಮೂಟೆ ಸಿಮೆಂಟಿಗೆ ಹನ್ನೆರಡು ಕಟ್ಟೆ, ಅಂದರೆ ಆರು ಕಾರಿಗೆ ಆಗುವಷ್ಟು ಸಿಗುತ್ತವೆ. ಆದರೆ ನಮ್ಮ ಬಿಸಿಲಿಗೆ ಒಂದೇ ಮಾತು ನೆನಪಿರಲಿ: ಕಲಸುವಾಗ ನೀರು ಕಡಿಮೆ, ಎರಕ ಬಿಗಿದ ಮೇಲೆ ನೀರು ಜಾಸ್ತಿ.

ಅಳತೆ: ಪ್ರತಿ ಚಕ್ರಕ್ಕೆ ಒಂದು ಕಟ್ಟೆ. ಉದ್ದ 2 ಅಡಿ, ಅಗಲ 6 ಇಂಚು, ಎತ್ತರ 4 ಇಂಚು. ಇದಕ್ಕಿಂತ ಎತ್ತರವಾದರೆ ಬಂಪರ್ ತಾಗುತ್ತದೆ. ತೂಕ ಸುಮಾರು 23 ಕೆ.ಜಿ.

ಅಚ್ಚು: ಹಲಗೆ ಅಥವಾ ಪ್ಲೈವುಡ್‌ನಿಂದ ಪೆಟ್ಟಿಗೆ ಮಾಡಿ, ಒಳಗೆ ಎಣ್ಣೆ ಸವರಿ. ಎರಡೂ ತುದಿಯಿಂದ 4 ಇಂಚು ಬಿಟ್ಟು, ಅಗಲದ ನಡುವೆ ಮುಕ್ಕಾಲು ಇಂಚಿನ ಪಿವಿಸಿ ಪೈಪಿನ ತುಂಡು ನಿಲ್ಲಿಸಿ. ಮುಂದೆ ಕಂಬಿ ಹೊಡೆಯುವ ತೂತು ಇದೇ.

ಮಿಶ್ರಣ: ಒಂದು ಬುಟ್ಟಿ ಸಿಮೆಂಟಿಗೆ ಒಂದೂವರೆ ಬುಟ್ಟಿ ಮರಳು (ಎಂ-ಸ್ಯಾಂಡ್ ಆದೀತು), ಮೂರು ಬುಟ್ಟಿ ಅರ್ಧ ಇಂಚಿನ ಜಲ್ಲಿ. 50 ಕೆ.ಜಿ. ಮೂಟೆಗೆ ನೀರು ಸುಮಾರು 25 ಲೀಟರ್, ಮರಳು ಒದ್ದೆ ಇದ್ದರೆ ಇನ್ನೂ ಕಡಿಮೆ. ಉಪ್ಪುನೀರು ಬೇಡ, ಒಳಗಿನ ಕಂಬಿ ತುಕ್ಕು ಹಿಡಿಯುತ್ತದೆ. ಸುರಿಯಲು ಸಲೀಸು ಅಂತ ನೀರು ಹೆಚ್ಚು ಹಾಕಿದರೆ ಗಟ್ಟಿತನವೇ ಹೋಯಿತು.

ಎರಕ: ಬೆಳಿಗ್ಗೆ ಬೇಗ ಅಥವಾ ಸಂಜೆ, ನೆರಳಿನಲ್ಲಿ ಹೊಯ್ಯಿರಿ. ಅರ್ಧ ತುಂಬಿಸಿ ಸಲಾಕೆಯಿಂದ ಚೆನ್ನಾಗಿ ಚುಚ್ಚಿ. 20 ಇಂಚು ಉದ್ದದ ಎರಡು 8 ಎಂ.ಎಂ. ಕಂಬಿಗಳನ್ನು ತೂತಿನ ಆಚೆ ಈಚೆ ಮಲಗಿಸಿ, ಉಳಿದದ್ದು ತುಂಬಿಸಿ, ಮತ್ತೆ ಚುಚ್ಚಿ ಕರಣೆಯಿಂದ ಸಾಪು ಮಾಡಿ.

ಕ್ಯೂರಿಂಗ್: 24 ಗಂಟೆ ಬಿಟ್ಟು ಅಚ್ಚು ಬಿಚ್ಚಿ. ಒದ್ದೆ ಗೋಣಿಚೀಲ ಹೊದಿಸಿ ಕನಿಷ್ಠ 10 ದಿನ ಒಣಗದಂತೆ ನೋಡಿಕೊಳ್ಳಿ. ಬಿಸಿಲಿಗೆ ಹಂಗೇ ಬಿಟ್ಟರೆ ಬಿರುಕು ಖಚಿತ. ಪೂರ್ತಿ ಬಲ ಬರಲು 28 ದಿನ ಬೇಕು, ಅಲ್ಲೀತನಕ ಕಾರು ಹತ್ತಿಸಬೇಡಿ.

ಕೂರಿಸುವುದು: ಕಾರು ನಿಲ್ಲಿಸಿ ಚಕ್ರದ ಜಾಗ ಸೀಮೆಸುಣ್ಣದಿಂದ ಗುರುತು ಮಾಡಿ. ಗೋಡೆಯಿಂದ 3 ಅಡಿ ಅಂತರ ಇರಲಿ. ಡಿಕ್ಕಿ ಉದ್ದದ ಕಾರುಗಳು ರಿವರ್ಸ್ ಬರುವ ಕಡೆ 4 ಅಡಿ ಬಿಡಿ. ಮಣ್ಣಿನ ನೆಲವಾದರೆ ಒಂದೂವರೆ ಅಡಿಯ 12 ಎಂ.ಎಂ. ಕಂಬಿಯನ್ನು ತೂತಿನಲ್ಲಿ ಹೊಡೆದು ಗಾರೆ ತುಂಬಿ. ಕಂಬಿ ತುದಿ ಮೇಲೆ ಕಾಣಬಾರದು. ಎರಡು ಕಟ್ಟೆಗಳ ನಡುವೆ ಖಾಲಿ ಬಿಟ್ಟರೆ ಮಳೆನೀರು ಹರಿದು ಹೋಗುತ್ತದೆ.

ಎಚ್ಚರ: ಕತ್ತಲಲ್ಲಿ ಜನ ಎಡವದಂತೆ ಹಳದಿ-ಕಪ್ಪು ಬಣ್ಣ ಬಳಿಯಿರಿ. ಕಟ್ಟೆ ನಿಮ್ಮ ಸ್ವಂತ ಜಾಗದಲ್ಲೇ ಇರಬೇಕು. ರಸ್ತೆ, ಫುಟ್‌ಪಾತ್, ಚರಂಡಿ ಚಪ್ಪಡಿ ಮೇಲೆ ಹಾಕಿದರೆ ಅದು ಒತ್ತುವರಿ. ಮೊಳಕಾಲ್ಮೂರಿನಲ್ಲಿ ಪಟ್ಟಣ ಪಂಚಾಯಿತಿ, ಚಳ್ಳಕೆರೆಯಲ್ಲಿ ನಗರಸಭೆ ಅದನ್ನು ತೆರವು ಮಾಡಿಸಬಹುದು. ಗಡಿ ಎಲ್ಲಿ ಅಂತ ಅನುಮಾನ ಇದ್ದರೆ ಮೊದಲು ಅಲ್ಲಿ ಕೇಳಿ, ಆಮೇಲೆ ಸಿಮೆಂಟ್ ತನ್ನಿ.