ಮನೆಯ ಮೀಡಿಯಾ ಸರ್ವರ್: ಶಿರಸಿ ಸೀಮೆಯ ಚರಿತ್ರೆ

ಹಾಡು, ಫೋಟೊ, ವಿಡಿಯೊಗಳನ್ನೆಲ್ಲ ಒಂದೇ ಕಡೆ ಕೂಡಿಟ್ಟು, ಮನೆಯೊಳಗಿನ ಟಿವಿ, ಮೊಬೈಲು, ಕಂಪ್ಯೂಟರುಗಳಿಗೆ ವೈಫೈ ಅಥವಾ ವಯರಿನ ಮೂಲಕ ಕಳಿಸುವ ಸಣ್ಣ ಯಂತ್ರಕ್ಕೆ ಮನೆಯ ಮೀಡಿಯಾ ಸರ್ವರ್ ಎನ್ನುತ್ತಾರೆ. ಹಗಲು ರಾತ್ರಿ ಚಾಲೂ ಇರುವುದು, ಹೊರಗಿನ ಇಂಟರ್ನೆಟ್ ಕೈಕೊಟ್ಟರೂ ನಡೆಯುವುದು ಇದರ ಎರಡು ಲಕ್ಷಣ. ಉತ್ತರ ಕನ್ನಡದ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಎರಡನೆಯದಕ್ಕೇ ಬೆಲೆ ಹೆಚ್ಚು. ಪರದೇಶದಲ್ಲಿ ಈ ಯಂತ್ರ ಸಿನಿಮಾ ಹುಚ್ಚಿನವರ ಹವ್ಯಾಸವಾಗಿ ಬೆಳೆಯಿತು. ಈ ಸೀಮೆಯಲ್ಲಿ ಅದರ ಬೇರು ಇರುವುದು ಯಕ್ಷಗಾನದ ಕ್ಯಾಸೆಟ್ ಪೆಟ್ಟಿಗೆಯಲ್ಲಿ.

ಕ್ಯಾಸೆಟ್ಟಿನಿಂದ ಸಿ.ಡಿ.ಗೆ

ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಕ್ಯಾಸೆಟ್ ನಮ್ಮ ಹಳ್ಳಿಗಳಲ್ಲಿ ಮನೆಮಾತಾದದ್ದು 1980ರ ದಶಕದಲ್ಲಿ. ಭಾಗವತ ಕಾಳಿಂಗ ನಾವಡರ ಪದ್ಯಗಳು ಆಟದ ಕಳದಿಂದ ಅಂಗಡಿ, ಬಸ್ಸು, ಅಡಿಕೆ ಸುಲಿಯುವ ಅಂಗಳದ ತನಕ ಹಬ್ಬಿದ್ದು ಕ್ಯಾಸೆಟ್ಟಿನ ಮೂಲಕವೇ. 1990ರಲ್ಲಿ, ಮೂವತ್ತೆರಡರ ಆಸುಪಾಸಿನಲ್ಲಿ, ಅವರು ಅಪಘಾತದಲ್ಲಿ ತೀರಿಕೊಂಡ ಮೇಲೆ ಆ ಕ್ಯಾಸೆಟ್ಟುಗಳ ಬೆಲೆಯೇ ಬೇರೆಯಾಯಿತು. ತಾಳಮದ್ದಳೆಗಂತೂ ಧ್ವನಿಯೊಂದಿದ್ದರೆ ಸಾಕು. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆಯನ್ನು ಎದುರು ಕೂತು ಕೇಳದವರೂ ಟೇಪಿನಲ್ಲಿ ಕೇಳಿ ಬಾಯಿಪಾಠ ಮಾಡಿಕೊಂಡರು.

ಅಂಗಡಿಯ ಕ್ಯಾಸೆಟ್ಟಿಗಿಂತ ಈ ಚರಿತ್ರೆಗೆ ಮುಖ್ಯವಾದದ್ದು ಜನ ತಾವೇ ಮಾಡಿಕೊಂಡ ರೆಕಾರ್ಡಿಂಗ್. ರಂಗಸ್ಥಳದ ಹತ್ತಿರ ಚಾಪೆ ಹಾಸಿ, ಮಡಿಲಲ್ಲಿ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂತವನಿಗೆ ಆಟ ನೋಡುವ ಭಾಗ್ಯ ಅರ್ಧ ಮಾತ್ರ. ಸಿ-60 ಕ್ಯಾಸೆಟ್ಟಿನ ಒಂದು ಬದಿಗೆ ಹಿಡಿಸುವುದು ಮೂವತ್ತು ನಿಮಿಷ. ಎಂಟು ತಾಸಿನ ಆಟಕ್ಕೆ ಎಂಟು ಕ್ಯಾಸೆಟ್, ಹದಿನಾರು ಬದಿ, ನಡುವೆ ಹದಿನೈದು ಸಲ ತಿರುಗಿಸುವ ಇಲ್ಲವೇ ಬದಲಿಸುವ ಕೆಲಸ. ತಿರುಗಿಸುವ ಆ ಐದಾರು ಸೆಕೆಂಡಿನಲ್ಲೇ ಭಾಗವತರು ಏರುಪದ್ಯಕ್ಕೆ ಕೈಹಾಕುವುದೂ ಉಂಟು. ಇಂದು ಹಾರ್ಡ್ ಡಿಸ್ಕಿಗೆ ಏರಿಸಿದ ಹಳೆಯ ರೆಕಾರ್ಡಿಂಗ್‌ಗಳಲ್ಲಿ ಅರ್ಧ ತಾಸಿಗೊಮ್ಮೆ ಕೇಳುವ ‘ಟಕ್’ ಶಬ್ದ, ಮುರಿದುಹೋದ ಸಾಲು ಅದರ ಗುರುತು.

ಮಳೆಗಾಲದ ತೇವಕ್ಕೆ ಟೇಪಿನ ಮೇಲೆ ಬಿಳಿ ಬೂಷ್ಟು ಹಿಡಿಯುತ್ತಿತ್ತು. ಬೂಷ್ಟಿನ ಟೇಪನ್ನು ಹಾಗೇ ಓಡಿಸಿದರೆ ಹೆಡ್ಡಿಗೆ ಮೆತ್ತಿ, ಮುಂದಿನ ಕ್ಯಾಸೆಟ್ಟಿಗೂ ಅಂಟುತ್ತಿತ್ತು. ಸಂಗ್ರಹವನ್ನು ಡಿಜಿಟಲ್ ಮಾಡಬೇಕೆಂಬ ಅವಸರ ಇಲ್ಲಿ ಹುಟ್ಟಿದ್ದು ಹೊಸ ತಂತ್ರಜ್ಞಾನದ ಮೋಹದಿಂದಲ್ಲ, ಬೂಷ್ಟಿನ ಭಯದಿಂದ ಎಂದರೆ ಹೆಚ್ಚು ನಿಜವಾದೀತು.

ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯವರು 1995ರಲ್ಲಿ ಎಂಪಿ3 ಎಂಬ ಹೆಸರನ್ನು ಗಟ್ಟಿ ಮಾಡಿದರು. 128 ಕೆಬಿಪಿಎಸ್ ಎಂಪಿ3ಗೆ ನಿಮಿಷಕ್ಕೆ ಸುಮಾರು 1 ಎಂಬಿ ಬೇಕು. ಎಂಟು ತಾಸಿನ ಆಟ ಸುಮಾರು 460 ಎಂಬಿಯಲ್ಲಿ ಮುಗಿಯುತ್ತದೆ. ಹಾಗಾಗಿ 700 ಎಂಬಿಯ ಒಂದು ಸಿ.ಡಿ.ಯಲ್ಲಿ ಇಡೀ ರಾತ್ರಿಯ ಆಟ ಹಿಡಿಸಿ, ಮುಂಜಾನೆಯ ಮಂಗಳಪದ್ಯ ಕಳೆದೂ ಜಾಗ ಉಳಿಯಿತು. ವಿಡಿಯೊದ ಕಥೆ ಇಷ್ಟು ಸಲೀಸಾಗಲಿಲ್ಲ. ವಿಸಿಡಿಯಲ್ಲಿ ತಟ್ಟೆಯೊಂದಕ್ಕೆ ಎಪ್ಪತ್ತು ಎಂಬತ್ತು ನಿಮಿಷ. ಮೂರು ತಾಸಿಗೆ ಇಳಿಸಿದ ಪ್ರಸಂಗಕ್ಕೂ ಮೂರು ತಟ್ಟೆ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕನನ್ನೋ ಭಸ್ಮಾಸುರನನ್ನೋ ಧ್ವನಿಯಲ್ಲಿ ಮಾತ್ರ ಇಟ್ಟುಕೊಂಡು ಏನು ಮಾಡುವುದು? ಆ ಕುಣಿತ, ಆ ಕಣ್ಣು ಬೇಕೆಂದರೆ ವಿಡಿಯೊ ಆಗಲೇಬೇಕು, ವಿಡಿಯೊ ಎಂದಮೇಲೆ ಜಾಗ ಬೇಕು. ಒಳ್ಳೆಯ ಎಚ್‌ಡಿ ವಿಡಿಯೊ ಸೆಕೆಂಡಿಗೆ 8 ಮೆಗಾಬಿಟ್ ಲೆಕ್ಕದಲ್ಲಿ ತಾಸಿಗೆ 3.6 ಜಿಬಿ ನುಂಗುತ್ತದೆ. ಒಂದು ರಾತ್ರಿಗೆ 29 ಜಿಬಿ. ಸಿ.ಡಿ. ಡಬ್ಬಿ ಬಿಟ್ಟು ಹಾರ್ಡ್ ಡಿಸ್ಕಿನ ಕಡೆ ಜನ ಹೊರಳಿದ್ದಕ್ಕೆ ಈ ಲೆಕ್ಕವೇ ಕಾರಣ.

ರಾತ್ರಿಯ ಡೌನ್‌ಲೋಡ್

ಕೇಂದ್ರ ಸರಕಾರದ 2004ರ ನೀತಿ 256 ಕೆಬಿಪಿಎಸ್‌ಗೇ ಬ್ರಾಡ್‌ಬ್ಯಾಂಡ್ ಎಂಬ ಹೆಸರು ಕೊಟ್ಟಿತು. ಮರುವರ್ಷ ಬಿಎಸ್‌ಎನ್‌ಎಲ್ ಸ್ಥಿರ ದೂರವಾಣಿಯ ತಾಮ್ರದ ತಂತಿಯ ಮೇಲೇ ಡೇಟಾವನ್ ಸೇವೆ ತೆರೆಯಿತು. ಅದರ ಕೆಲವು ಪ್ಲಾನುಗಳಲ್ಲಿ ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಎಷ್ಟು ಇಳಿಸಿಕೊಂಡರೂ ಲೆಕ್ಕವಿಲ್ಲ ಎಂಬ ಸವಲತ್ತಿತ್ತು. 256 ಕೆಬಿಪಿಎಸ್ ವೇಗದಲ್ಲಿ ಆರು ತಾಸಿಗೆ ಸಿಗುವುದು ಸುಮಾರು 690 ಎಂಬಿ, ಸರಿಯಾಗಿ ಒಂದು ಸಿ.ಡಿ. ಎರಡು ಗಂಟೆಗೆ ಎದ್ದು ಕೂರುವ ಬದಲು ಕಂಪ್ಯೂಟರನ್ನೇ ಎಬ್ಬಿಸಿಟ್ಟರು. ಟೈಮರ್ ಹಾಕಿ ಮಲಗಿದರು. ಮಲಗದ ಕಂಪ್ಯೂಟರ್ ಮನೆಗೆ ಬಂದದ್ದು ಹೀಗೆ. ಅದರ ಒಂದು ಫೋಲ್ಡರನ್ನು ಮನೆಯ ಇನ್ನೊಂದು ಕಂಪ್ಯೂಟರಿಗೆ ತೆರೆದುಕೊಟ್ಟರೆ ಅದೇ ಫೈಲ್ ಸರ್ವರ್.

ಫೋಲ್ಡರ್ ಹಂಚುವ ವಿದ್ಯೆ ಆಗಲೇ ಹಳೆಯದಾಗಿತ್ತು. ಐಬಿಎಂನಲ್ಲಿ 1980ರ ದಶಕದ ಮೊದಲಲ್ಲಿ ಹುಟ್ಟಿದ ಎಸ್‌ಎಂಬಿ ಪದ್ಧತಿಯನ್ನು ವಿಂಡೋಸ್ ತನ್ನದಾಗಿಸಿಕೊಂಡಿತ್ತು. ಕ್ಯಾನ್‌ಬೆರಾದಲ್ಲಿ ವಿದ್ಯಾರ್ಥಿಯಾಗಿದ್ದ ಆಂಡ್ರ್ಯೂ ಟ್ರಿಡ್ಜೆಲ್ 1992ರ ಹೊತ್ತಿಗೆ ಅದರ ಗುಟ್ಟು ಬಿಡಿಸಿ, ಮುಂದೆ ಸಾಂಬಾ ಎಂದು ಹೆಸರಾದ ಮುಕ್ತ ತಂತ್ರಾಂಶ ಬರೆದರು. ಅಗ್ಗದ ಸರ್ವರ್ ಎಂಬುದು ಸಾಧ್ಯವಾದದ್ದು ಇದರಿಂದ. ಕಾಸು ಕೊಡದೆ ಸಿಗುವ ಲಿನಕ್ಸ್ ಹಾಕಿದ ಹಳೇ ಡಬ್ಬಿಯೂ ವಿಂಡೋಸ್ ಕಂಪ್ಯೂಟರಿನ ಕಣ್ಣಿಗೆ ಸಲೀಸಾಗಿ ಬಿದ್ದಿತು. ಒಲಿವಿಯೆ ಕೊಷಾರ್-ಲಾಬೆ ಅವರ ಸರ್ವರ್ ತಂತ್ರಾಂಶ ಫ್ರೀನ್ಯಾಸ್ 2005ರಲ್ಲಿ, ಫೋಲ್ಕರ್ ಥೈಲೆ ಅವರ ಓಪನ್‌ಮೀಡಿಯಾವಾಲ್ಟ್ 2011ರಲ್ಲಿ ಬಂದ ಮೇಲೆ ಕಪ್ಪು ಪರದೆಯ ಮೇಲೆ ಕಮಾಂಡ್ ಹೊಡೆಯುವ ಕಷ್ಟವೂ ಬಹಳ ಮಟ್ಟಿಗೆ ತಪ್ಪಿತು.

ಮೊದಮೊದಲು ಸರ್ವರ್ ಪಟ್ಟಕ್ಕೆ ಏರಿದ್ದು ಮಗ ಬೆಂಗಳೂರಿಗೆ ಹೋಗುವಾಗ ಬಿಟ್ಟುಹೋದ ಡೆಸ್ಕ್‌ಟಾಪ್, ಇಲ್ಲವೇ ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಚೌಕಾಸಿ ಮಾಡಿ ಕೊಂಡು ರಾತ್ರಿ ಬಸ್ಸಿಗೆ ಹಾಕಿ ತಂದ ಸೆಕೆಂಡ್ ಹ್ಯಾಂಡ್ ಕಚೇರಿ ಯಂತ್ರ. ಇನ್ನೂ ಅಗ್ಗದ ದಾರಿಯೊಂದಿದೆ: ಬೆನ್ನಿಗೆ ಯುಎಸ್‌ಬಿ ಕಿಂಡಿಯಿರುವ ರೌಟರಿಗೆ ಹಾರ್ಡ್ ಡಿಸ್ಕನ್ನು ಚುಚ್ಚಿಬಿಡುವುದು. ಸೋನಿ, ಇಂಟೆಲ್ ಮುಂತಾದ ಕಂಪನಿಗಳು 2003ರಲ್ಲಿ ಕೂಡಿ ಕಟ್ಟಿದ ಡಿಎಲ್‌ಎನ್‌ಎ ಪದ್ಧತಿಯನ್ನು ಅರಿಯುವ ಟಿವಿ ಅದರಲ್ಲಿರುವುದನ್ನು ತಾನಾಗಿ ಪಟ್ಟಿ ಮಾಡಿ ತೋರಿಸುತ್ತದೆ. ಕೆಲಸ ನಿಧಾನ, ಆದರೆ ಅಜ್ಜನಿಗೆ ಒಂದು ತಾಳಮದ್ದಳೆ ಕೇಳಿಸಲು ಅಷ್ಟು ಸಾಕು.

2012ರ ಫೆಬ್ರುವರಿ 29ರಂದು 35 ಡಾಲರಿನ ಚಿಕ್ಕ ಕಂಪ್ಯೂಟರ್ ಬೋರ್ಡ್ ರಾಸ್ಪ್‌ಬೆರಿ ಪೈ ಮಾರುಕಟ್ಟೆಗೆ ಬಂತು. ಜಗತ್ತೆಲ್ಲ ಅದನ್ನು ಸರ್ವರ್ ಮಾಡಲು ಹೊರಟರೂ ಮೊದಲ ಪೈಗಳಲ್ಲಿ ಹಾರ್ಡ್ ಡಿಸ್ಕೂ ನೆಟ್‌ವರ್ಕೂ ಒಂದೇ ಯುಎಸ್‌ಬಿ 2 ದಾರಿಯಲ್ಲಿ ನುಗ್ಗಾಡಬೇಕಿತ್ತು. 2019ರ ಪೈ 4ರಲ್ಲಿ ಯುಎಸ್‌ಬಿ 3, ಗಿಗಾಬಿಟ್ ನೆಟ್‌ವರ್ಕ್ ಎರಡೂ ಬೇರೆಬೇರೆಯಾಗಿ ಸಿಕ್ಕವು. ಪೈ ನಿಜವಾಗಿ ಸರ್ವರ್ ಕೆಲಸಕ್ಕೆ ಒದಗಿದ್ದು ಆಗ. ಆದರೂ ಅಗ್ಗದ ಬೋರ್ಡಿಗೆ ಇದ್ದ ಫೈಲನ್ನು ಇದ್ದಹಾಗೇ ಕಳಿಸುವುದು ಸುಲಭ, ಓಡುತ್ತಿರುವಾಗಲೇ ಬೇರೆ ರೂಪಕ್ಕೆ ಪರಿವರ್ತಿಸುವುದು ಕಷ್ಟ. ವಿಸಿಡಿಯ ಹಳೆಯ ಫೈಲುಗಳನ್ನು ಒಂದು ಸಲ ಕೂತು ಎಚ್.264 ಎಂಬ ವಿಡಿಯೊ ರೂಪಕ್ಕೆ ಬದಲಿಸಿಟ್ಟವರಿಗೆ ಈ ಗೋಳಿಲ್ಲ.

ಕರೆಂಟು, ಸಿಡಿಲು, ಮಳೆ

ಯಂತ್ರ ಅಗ್ಗಕ್ಕೆ ಬಂದರೂ ಅದನ್ನು ಸಾಕುವುದು ಅಗ್ಗವಲ್ಲ. 60 ವ್ಯಾಟ್ ಎಳೆಯುವ ಹಳೇ ಡೆಸ್ಕ್‌ಟಾಪ್ ವರ್ಷವಿಡೀ ಓಡಿದರೆ 525 ಯೂನಿಟ್; ಡಿಸ್ಕೂ ಸೇರಿ 10 ವ್ಯಾಟಿನಲ್ಲಿ ಮುಗಿಸುವ ಚಿಕ್ಕ ಬೋರ್ಡಿಗೆ 88 ಯೂನಿಟ್. 2023ರಲ್ಲಿ ಮನೆಗಳಿಗೆ ಪುಕ್ಕಟೆ ಕರೆಂಟು ಕೊಡುವ ಗೃಹಜ್ಯೋತಿ ಯೋಜನೆ ಬಂದ ಮೇಲೆ ಈ ವ್ಯತ್ಯಾಸಕ್ಕೆ ಹೊಸ ಅರ್ಥ ಬಂದಿದೆ. ಪುಕ್ಕಟೆ ಯೂನಿಟ್ಟಿನ ಮಿತಿ ಆ ಮನೆಯ ಹಿಂದಿನ ಬಳಕೆಯ ಮೇಲೆ ನಿಂತಿರುವುದರಿಂದ, ತಿಂಗಳಿಗೆ 44 ಯೂನಿಟ್ ತಿನ್ನುವ ಹಳೇ ಡೆಸ್ಕ್‌ಟಾಪ್ ಎಂಬ ಹೊಸ ಅತಿಥಿ ಮಿತಿ ದಾಟಿಸಿಬಿಡಬಹುದು. ಹಳ್ಳದ ನೀರಿಗೆ ಕಿರು ಟರ್ಬೈನ್ ಕೂರಿಸಿಕೊಂಡ ಘಟ್ಟದ ಮನೆಗಳಿಗೆ ಮಾತ್ರ ಈ ಲೆಕ್ಕ ಅನ್ವಯಿಸದು. ಹೆಸ್ಕಾಂ ಲೈನಿನ ಮೇಲೆ ಮರ ಬೀಳುವ ಆಷಾಢದಲ್ಲೇ ಅವರಲ್ಲಿ ಕರೆಂಟು ಸಮೃದ್ಧಿ.

ಕರೆಂಟು ಹೋಗುವುದಕ್ಕಿಂತ ಹೋಗಿ ಬಂದು ಮಾಡುವುದು ಕೆಟ್ಟದ್ದು. ಬರೆಯುತ್ತಿರುವಾಗಲೇ ನಿಂತ ಡಿಸ್ಕಿನಲ್ಲಿ ಫೈಲುಗಳ ಪಟ್ಟಿಯೇ ಕಲಸಿಹೋಗುವ ಸಂಭವವಿದೆ. ಇನ್ವರ್ಟರ್ ಇದ್ದರೂ ಅದು ಬದಲಾಗುವ ಕ್ಷಣಕ್ಕೆ ಕೆಲವು ಯಂತ್ರ ಆರಿ ಹತ್ತುತ್ತವೆ. ರೌಟರಿಗೆಂದೇ ಮಾರುವ 12 ವೋಲ್ಟಿನ ಪುಟ್ಟ ಯುಪಿಎಸ್ ಈ ಕಾಟಕ್ಕೆ ಸಿಕ್ಕ ಸುಲಭದ ಮದ್ದು.

ಏಪ್ರಿಲ್–ಮೇ ತಿಂಗಳ ಗುಡುಗು ಸಿಡಿಲಿಗೆ ಅದೂ ಸಾಲದು. ತೋಟ, ಗದ್ದೆ ಹಾದು ಬಂದ ತಾಮ್ರದ ಫೋನ್ ತಂತಿ ಸಿಡಿಲನ್ನು ನೇರ ಮನೆಯೊಳಗೆ ಕರೆತರುತ್ತಿತ್ತು: ಮೊದಲು ಮೋಡೆಮ್, ಅದರಿಂದ ಲ್ಯಾನ್ ವಯರ್ ಹಿಡಿದು ಕಂಪ್ಯೂಟರಿನ ಮದರ್‌ಬೋರ್ಡ್. ಮೋಡ ಗುಡುಗಿದ ಕೂಡಲೇ ಫೋನಿನ ಪಿನ್ ಕಿತ್ತಿಡುವುದು ಇಲ್ಲಿನ ಮನೆಮನೆಯ ರೂಢಿಯಾಗಿತ್ತು. ಸರ್ವರನ್ನು ಲ್ಯಾನ್ ವಯರಿನ ಬದಲು ವೈಫೈ ಮೇಲೆ ಇಟ್ಟರೆ ವೇಗ ಕಡಿಮೆಯಾದರೂ ಸಿಡಿಲಿನ ಒಂದು ದಾರಿಯಂತೂ ಮುಚ್ಚುತ್ತದೆ. ಫೈಬರ್ ಬಂದದ್ದು ಇಲ್ಲಿ ವೇಗದಷ್ಟೇ ಇದಕ್ಕೂ ದೊಡ್ಡ ಸಂಗತಿ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ.

ತೇವದ ವಿಚಾರದಲ್ಲಿ ಒಂದು ವಿಚಿತ್ರ: ಕಪಾಟಿನಲ್ಲಿ ಜೋಪಾನವಾಗಿ ಮುಚ್ಚಿಟ್ಟದ್ದು ಹಾಳಾದೀತು, ಸದಾ ಓಡುವುದು ತನ್ನ ಬಿಸಿಗೇ ಒಣಗಿ ಉಳಿದೀತು. ಆ ಬೆಚ್ಚನೆಯ ಜಾಗವನ್ನು ಹುಡುಕಿಕೊಂಡು ಇರುವೆಯೂ ಹಲ್ಲಿಯೂ ಬರುತ್ತವೆ ಎಂಬುದು ಬೇರೆ ಮಾತು. ಏನೇ ಮಾಡಿದರೂ ಹಾರ್ಡ್ ಡಿಸ್ಕ್ ಒಂದು ದಿನ ಸಾಯುವುದು ಖಂಡಿತ. ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕ್ಯಾಟ್ಜ್ 1988ರಲ್ಲಿ ವಿವರಿಸಿದ ರೇಡ್ ಪದ್ಧತಿ ಒಂದು ಡಿಸ್ಕ್ ಸತ್ತಾಗ ಇನ್ನೊಂದರಿಂದ ನಡೆಸುತ್ತದೆ. ಸಿಡಿಲು ಎರಡನ್ನೂ ಒಟ್ಟಿಗೆ ಹೊಡೆದರೆ ಅದಕ್ಕೂ ಉತ್ತರವಿಲ್ಲ. ಈ ಸೀಮೆಯ ಬಜೆಟ್ ಸರ್ವರಿಗೆ ರೇಡ್‌ಗೆ ಸುರಿಯುವ ದುಡ್ಡಿನಲ್ಲಿ ಇನ್ನೊಂದು ಡಿಸ್ಕ್ ಕೊಂಡು, ಪ್ರತಿ ತೆಗೆದು, ಬೆಂಗಳೂರಿನ ಮಗಳ ಮನೆಯಲ್ಲಿ ಇಡುವುದೇ ಮೇಲು.

ಹೆಸರಿಡುವ ಕೆಲಸ

ಎಕ್ಸ್‌ಬಾಕ್ಸ್ ಆಟದ ಪೆಟ್ಟಿಗೆಗೆಂದು ಬರೆದ ಮೀಡಿಯಾ ತಂತ್ರಾಂಶ ಎಕ್ಸ್‌ಬಿಎಂಸಿ 2014ರಲ್ಲಿ ಕೋಡಿ ಎಂದು ಹೆಸರು ಬದಲಿಸಿಕೊಂಡಿತು. ಅದರಿಂದಲೇ ಕವಲೊಡೆದದ್ದು ಪ್ಲೆಕ್ಸ್. ಎಂಬಿ (Emby) ಎಂಬ ಇನ್ನೊಂದು ತಂತ್ರಾಂಶ ತನ್ನ ಮೂಲಸಂಕೇತವನ್ನು ಮುಚ್ಚಿದಾಗ 2018ರ ಡಿಸೆಂಬರಿನಲ್ಲಿ ಜೆಲ್ಲಿಫಿನ್ ಮುಕ್ತವಾಗಿ ಬೇರೆಯಾಯಿತು. ಇವೆಲ್ಲ ಸಿನಿಮಾದ ಹೆಸರು ಕಂಡರೆ ಸಾಕು, ಜಾಗತಿಕ ಪಟ್ಟಿಗಳಿಂದ ಪೋಸ್ಟರ್, ನಟರು, ಕಥಾಸಾರ ಎಲ್ಲ ತಂದು ಅಂಟಿಸುತ್ತವೆ. ‘ಗದಾಯುದ್ಧ’ ಎಂಬ ಫೈಲ್ ಕೊಟ್ಟರೆ ಕಕ್ಕಾಬಿಕ್ಕಿಯಾಗುತ್ತವೆ, ಇಲ್ಲವೇ ಯಾವುದೋ ದೇಶದ ಸಿನಿಮಾದ ಪೋಸ್ಟರ್ ತಗುಲಿಸುತ್ತವೆ. ಒಂದೇ ಪ್ರಸಂಗ, ಹತ್ತು ಮೇಳ, ಇಪ್ಪತ್ತು ರಾತ್ರಿ. ಕೇಳುವವನಿಗೆ ಬೇಕಾದ್ದು ಆ ರಾತ್ರಿ ಪದ್ಯ ಹೇಳಿದವರು ನೆಬ್ಬೂರು ನಾರಾಯಣ ಭಾಗವತರೇ, ಕಡತೋಕಾ ಮಂಜುನಾಥ ಭಾಗವತರೇ ಎಂಬುದು. ತಂತ್ರಾಂಶದಲ್ಲಿ ನಿರ್ದೇಶಕನಿಗೆ ಅಂಕಣವಿದೆ, ಭಾಗವತನಿಗಿಲ್ಲ. ನಿರ್ದೇಶಕನ ಜಾಗದಲ್ಲಿ ಭಾಗವತರನ್ನು ಕೂರಿಸುವುದು ಒಂದು ಉಪಾಯ, ಆಟದ ಮಟ್ಟಿಗೆ ಅಂಥ ತಪ್ಪೂ ಅಲ್ಲ: ಬಯಲಾಟವನ್ನು ಮುನ್ನಡೆಸುವವರೇ ಅವರು. ಸಂಗ್ರಹವನ್ನು ‘ಹೋಮ್ ವಿಡಿಯೊ’ ಎಂದು ಗುರುತಿಸಿ, ಪ್ರಸಂಗ, ಭಾಗವತ, ಮೇಳ, ಊರು, ಇಸವಿ ಎಂಬ ಕ್ರಮದಲ್ಲಿ ಫೈಲಿಗೇ ಹೆಸರಿಟ್ಟರೆ ಯಾವ ತಂತ್ರಾಂಶ ಬಂದು ಹೋದರೂ ಚಿಂತೆಯಿಲ್ಲ. ಕ್ಯಾಸೆಟ್ಟಿನ ಮೇಲೆ ಪೆನ್ನಿನಲ್ಲಿ ಬರೆದದ್ದು ಅಳಿಸಿಹೋಗಿದ್ದರೆ ಭಾಗವತರ ದನಿ ಗುರುತಿಸಬಲ್ಲ ಹಿರಿಯರನ್ನು ಕೂರಿಸಿ ಕೇಳುವುದೊಂದೇ ದಾರಿ. ಈ ಕೆಲಸ ತಡಮಾಡುವಂಥದ್ದಲ್ಲ.

2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು, ಆಮೇಲೆ ಯೂಟ್ಯೂಬಿನಲ್ಲಿ ಯಕ್ಷಗಾನ ಧಾರಾಳವಾದಾಗ ಮನೆಯಲ್ಲಿ ಕೂಡಿಡುವುದೇಕೆ ಎಂಬ ಪ್ರಶ್ನೆ ಎದ್ದಿತು. ಗುಡ್ಡದ ಮರೆಯ ಕೇರಿಗಳಿಗೆ ಸಿಗ್ನಲ್ ಇಳಿಯಲಿಲ್ಲವೆಂಬುದು ಒಂದು ಉತ್ತರ. 2020ರ ಕೊರೋನಾ ಕಾಲದಲ್ಲಿ ಬೆಂಗಳೂರಿನಿಂದ ಲ್ಯಾಪ್‌ಟಾಪ್ ಹಿಡಿದು ಊರಿಗೆ ಮರಳಿದವರು ಫೈಬರ್ ಎಳೆಸಿಕೊಂಡಾಗ ಆ ಉತ್ತರ ಅರ್ಧ ಸೋತಿತು. ಹಾಕಿದವರು ತೆಗೆದರೆ ಯೂಟ್ಯೂಬಿನದು ಮಾಯವಾಗುತ್ತದೆಂಬ ಇನ್ನೊಂದು ಉತ್ತರ ಹಾಗೇ ಉಳಿದಿದೆ.

ಹಂಚಿಕೊಳ್ಳುವುದು ಬೇರೆ ಪ್ರಶ್ನೆ. ತುಮಕೂರು ಜಿಲ್ಲೆಯ ದೇವರಾಯನದುರ್ಗದ ಸುತ್ತ ಜನಸ್ತು ಸಂಸ್ಥೆ ಸಮುದಾಯದ್ದೇ ಆದ ವೈಫೈ ಮೆಶ್ ಜಾಲ ಹೂಡಿ, ಹಳ್ಳಿಯವರ ಧ್ವನಿಮುದ್ರಣಗಳನ್ನು ಹಳ್ಳಿಯಲ್ಲೇ ಕೇಳಿಸುವ ಪ್ರಯೋಗ ಮಾಡಿದೆ. ಅಂಥದ್ದು ಘಟ್ಟದ ಕೇರಿಗಳಿಗೂ ಹೊಂದೀತು. ಆದರೆ ಕಲಾವಿದರ ಹಕ್ಕನ್ನು ನೋಡಬೇಕು. 1957ರ ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ಆದ ತಿದ್ದುಪಡಿ ಪ್ರದರ್ಶನಕಾರರಿಗೆ ಅವರದೇ ಹಕ್ಕು ಕೊಟ್ಟಿತು. ಸ್ವಂತ ಬಳಕೆಗೆ, ಪಾಠಕ್ಕೆ, ಸಂಶೋಧನೆಗೆ ಮಾಡಿಕೊಂಡ ರೆಕಾರ್ಡಿಂಗನ್ನು 39ನೆಯ ಕಲಮು ಬಿಟ್ಟುಕೊಡುತ್ತದೆ. ಅದೇ ಸರ್ವರಿನ ಬಾಗಿಲನ್ನು ಊರಿಗೆಲ್ಲ ತೆರೆದರೆ ಆ ರಕ್ಷಣೆ ಇರುವುದಿಲ್ಲ, ಭಾಗವತರಿಂದ ಹಿಡಿದು ಚಂಡೆಯವರ ತನಕ ಒಪ್ಪಿಗೆ ಕೇಳಬೇಕಾಗುತ್ತದೆ.