ಗಿಟಾರಿನ ಮೆಟ್ಟಿಲುಗಳು

ಗಿಟಾರನ್ನು ಹೊಸದಾಗಿ ಕೈಗೆತ್ತಿಕೊಂಡವರಿಗೆ ಮೊದಲು ಕಾಣುವ ಸೋಜಿಗವೊಂದುಂಟು. ಅದರ ದಂಡಿಯ ಮೇಲಿನ ಲೋಹದ ಪಟ್ಟಿಗಳು ತಲೆಯ ಕಡೆ ದೂರದೂರವಾಗಿದ್ದು, ಒಡಲಿನತ್ತ ಬಂದಂತೆ ಒತ್ತೊತ್ತಾಗುತ್ತವೆ. ಫ್ರೆಟ್ ಎಂಬ ಈ ಪಟ್ಟಿಗಳನ್ನು ವೀಣೆಯ ಪರಿಭಾಷೆಯಲ್ಲಿ ಮೆಟ್ಟಿಲುಗಳೆಂದೇ ಕರೆಯೋಣ.

ತಂತಿಯ ಉದ್ದ ಅರ್ಧವಾದರೆ ನಾದವು ಒಂದು ಸ್ಥಾಯಿ ಮೇಲೇರುತ್ತದೆ. ಆ ಸ್ಥಾಯಿಯನ್ನು 12 ಸಮಪಾಲಾಗಿ ಹಂಚಬೇಕಾದರೆ ಪ್ರತಿ ಮೆಟ್ಟಿಲೂ ಉಳಿದ ತಂತಿಯಲ್ಲಿ ಒಂದೇ ಪ್ರಮಾಣವನ್ನು ಕಳೆಯಬೇಕು. ಉಳಿದದ್ದು ಕಿರಿದಾದಂತೆ ಕಳೆಯುವುದೂ ಕಿರಿದಾಗುತ್ತದೆ. ಈ ಪ್ರಮಾಣ ಹದಿನೆಂಟರಲ್ಲಿ ಒಂದೆಂದು 1581ರಲ್ಲಿ ಬರೆದವನು ಇಟಲಿಯ ಲ್ಯೂಟ್ ವಾದಕ ವಿನ್ಸೆಂಜೊ ಗೆಲಿಲೈ. ವಿಜ್ಞಾನಿ ಗೆಲಿಲಿಯೊನ ತಂದೆ. ಆಗ ಮೆಟ್ಟಿಲುಗಳೆಂದರೆ ದಂಡಿಗೆ ಸುತ್ತಿ ಕಟ್ಟಿದ ಕರುಳಿನ ಎಳೆಗಳು. ಕಿವಿ ಒಪ್ಪದಿದ್ದರೆ ವಾದಕನು ಅವನ್ನು ಅತ್ತಿತ್ತ ಸರಿಸಿಕೊಳ್ಳುತ್ತಿದ್ದನು. ಲೋಹದ ಮೆಟ್ಟಿಲು ಬಂದ ಮೇಲೆ ಆ ಸ್ವಾತಂತ್ರ್ಯ ಉಳಿಯಲಿಲ್ಲ. ಇಂದಿನ ಲೆಕ್ಕದಲ್ಲಿ ಭಾಜಕವು 18ರ ಬದಲು 17.817.

1800ರ ಹೊತ್ತಿಗೆ ಜೋಡಿತಂತಿಗಳು ಹಿಂದೆ ಸರಿದು ಆರು ಒಂಟಿ ತಂತಿಗಳು ನೆಲೆಗೊಂಡವು. ದಪ್ಪ ತಂತಿಯಿಂದ ತೆಳುವಿನತ್ತ ಅವುಗಳ ಹೆಸರು ಇ, ಎ, ಡಿ, ಜಿ, ಬಿ, ಇ. ಒಂದು ತಂತಿಯ ಐದನೆಯ ಮೆಟ್ಟಿಲಿನ ಸ್ವರವೇ ಮುಂದಿನ ತಂತಿಯ ಬಿಡಿಸ್ವರ. ಜಿ ತಂತಿಯಲ್ಲಿ ಮಾತ್ರ ಅದು ನಾಲ್ಕನೆಯದು. ಬೆರಳನ್ನು ಮೆಟ್ಟಿಲಿನ ಮೇಲಲ್ಲ, ಅದರ ಹಿಂಬದಿಗೆ ತಾಗಿದಂತೆ ಒತ್ತಬೇಕು.

ಈ ಏರ್ಪಾಟಿಗೆ ತೆತ್ತ ಬೆಲೆಯೊಂದಿದೆ. ತಂತಿ 650 ಮಿಲಿಮೀಟರ್ ಉದ್ದವಿದ್ದರೆ ಶುದ್ಧವಾದ ಅಂತರ ಗಾಂಧಾರವು ಕುದುರೆಯಿಂದ 520 ಮಿಲಿಮೀಟರ್ ದೂರದಲ್ಲಿ ಹುಟ್ಟುತ್ತದೆ. ನಾಲ್ಕನೆಯ ಮೆಟ್ಟಿಲು ಇರುವುದು ಸುಮಾರು 516ರಲ್ಲಿ. ಅಷ್ಟರಮಟ್ಟಿಗೆ ಆ ಸ್ವರ ಏರಿದೆ. ಒಂದೇ ಆಧಾರಶ್ರುತಿಯನ್ನು ನಂಬಿದ ವೀಣೆಗೆ ಇಂಥ ರಾಜಿ ಬೇಕಿರಲಿಲ್ಲ. ಅದರ 24 ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸುವವನಿಗೆ ಕಿವಿಯೇ ಪ್ರಮಾಣ. ಗಿಟಾರಾದರೋ ಹಲವು ಸ್ವರಗಳನ್ನು ಒಟ್ಟಿಗೆ ನುಡಿಸಬೇಕು, ಯಾವ ಸ್ವರವನ್ನು ಬೇಕಾದರೂ ಷಡ್ಜವಾಗಿಸಿಕೊಳ್ಳಬೇಕು. ಅದಕ್ಕಾಗಿ ಎಲ್ಲ ಸ್ವರಗಳೂ ತುಸು ತುಸು ತಗ್ಗಿಬಗ್ಗಿ ನಡೆಯಬೇಕಾಯಿತು.

ಬಹುಕಾಲ ಛಂದಸ್ಸನ್ನು ಪಾಠ ಹೇಳಿದ ನನಗೆ ಇದು ಹೊಸದೆನಿಸುವುದಿಲ್ಲ. ಷಟ್ಪದಿಯ ಮಾತ್ರೆಗಣಗಳೂ ಆಡುಮಾತಿನ ಸಹಜವಾದ ಎಳೆತವನ್ನು ಕೊಂಚ ಬಿಗಿಹಿಡಿದೇ ದೀರ್ಘಕಾವ್ಯದ ಓಟಕ್ಕೆ ದಾರಿ ಮಾಡಿಕೊಟ್ಟವು. ಆದರೂ ಕಲಿಯುವ ಕಿರಿಯರಿಗೆ ನನ್ನದೊಂದು ಸಲಹೆಯಿದೆ: ಮೆಟ್ಟಿಲು ತೋರಿಸಿದೆಡೆ ಬೆರಳನ್ನಿಡಿ, ಶುದ್ಧ ಗಾಂಧಾರವನ್ನು ಮಾತ್ರ ತಂಬೂರಿಯ ಬಳಿ ಕುಳಿತು ಒಮ್ಮೆ ಕೇಳಿಕೊಳ್ಳಿ.